ಗಾರೆಯೊಳಗೆ ಉಳಿದ ವರ್ಷಗಳು: ಓಲಂಡ್ ದ್ವೀಪಗಳ ಹಳೆಯ ಚರ್ಚುಗಳಿಗೆ ಆರು ದಿನ

ಸ್ವೀಡನ್ನಿಗೂ ಫಿನ್‌ಲಂಡಿಗೂ ನಡುವೆ ಬಾಲ್ಟಿಕ್ ಸಮುದ್ರದಲ್ಲಿ ಆರು ಸಾವಿರಕ್ಕೂ ಮಿಕ್ಕಿದ ನಡುಗಡ್ಡೆಗಳು ಚೆಲ್ಲಾಡಿಕೊಂಡಿವೆ. ಜನವಸತಿ ಇರುವುದು ಅರವತ್ತರಷ್ಟರಲ್ಲಿ ಮಾತ್ರ. ಒಟ್ಟು ಜನಸಂಖ್ಯೆ ಸುಮಾರು 30,000. ದೇಶ ಫಿನ್‌ಲಂಡ್, ಆಡುಮಾತು ಸ್ವೀಡಿಷ್. ಇದೇ ಓಲಂಡ್. 1809ರವರೆಗೆ ಸ್ವೀಡನ್ನಿನದಾಗಿದ್ದು, ಆಮೇಲೆ ರಷ್ಯಾದ ಕೈಗೆ ಹೋಗಿ, 1921ರಲ್ಲಿ ಲೀಗ್ ಆಫ್ ನೇಷನ್ಸ್ ತೀರ್ಮಾನದಂತೆ ಫಿನ್‌ಲಂಡಿನಲ್ಲೇ ಉಳಿದು ಸ್ವಾಯತ್ತತೆ ಪಡೆದ ನೆಲ.

ಇಷ್ಟು ಚಿಕ್ಕ ಊರಿನಲ್ಲಿ ಮಧ್ಯಯುಗದ ಕಲ್ಲಿನ ಚರ್ಚುಗಳು ಹತ್ತಕ್ಕಿಂತ ಹೆಚ್ಚಿವೆ, ಬಹುತೇಕ ಎಲ್ಲದರಲ್ಲೂ ಇವತ್ತಿಗೂ ಆರಾಧನೆ ನಡೆಯುತ್ತದೆ. ಆದರೆ ಯಾವುದನ್ನು ಯಾರು, ಯಾವ ವರ್ಷ ಕಟ್ಟಿದರು ಎಂದು ಹೇಳುವ ಕಾಗದಪತ್ರ ಉಳಿದಿಲ್ಲ. ಹಾಗಾಗಿ ಇಲ್ಲಿ ಗೋಡೆಯನ್ನೇ ಓದಬೇಕು. ಅದನ್ನು ಓದಲು ಕಲಿಸುವ ಕ್ರಮದಲ್ಲಿ ಈ ದಾರಿ ಹಾಕಿದೆ: ಮೊದಲು ಸರಳವಾದದ್ದು, ಕೊನೆಗೆ ದೂರದ ದ್ವೀಪಗಳದ್ದು.

ಹೊರಡುವ ಮುಂಚೆ ಕೆಲವು ಮಾತು. ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು. ಸ್ಟಾಕ್‌ಹೋಮಿನಲ್ಲಿ ವಿಮಾನ ಇಳಿದರೂ ಹೆಚ್ಚು ರಾತ್ರಿ ಓಲಂಡಿನಲ್ಲಿ ಕಳೆಯುವುದಾದರೆ ಅರ್ಜಿ ಹಾಕಬೇಕಾದದ್ದು ಫಿನ್‌ಲಂಡಿಗೆ. ಇಲ್ಲಿ ತಪ್ಪುವವರು ಬಹಳ. ಹಣ ಯೂರೋ. ಗಡಿಯಾರ ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ಹಡಗಿನ ವೇಳಾಪಟ್ಟಿಯಲ್ಲಿ ಆಯಾ ದಡದ ಸಮಯವನ್ನೇ ಹಾಕಿರುತ್ತಾರೆ, ಆದ್ದರಿಂದ ಎರಡು ಗಂಟೆಯ ಪಯಣ ಹೋಗುವಾಗ ಮೂರು ಗಂಟೆಯಂತೆಯೂ ಬರುವಾಗ ಒಂದೇ ಗಂಟೆಯಂತೆಯೂ ಕಾಣುತ್ತದೆ. ಚರ್ಚುಗಳ ಬಾಗಿಲು ಪ್ರವಾಸಿಗರಿಗೆ ತೆರೆದಿರುವುದು ಬೇಸಿಗೆಯಲ್ಲಿ, ಸುಮಾರಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಹೆಚ್ಚಾಗಿ ವಾರದ ದಿನಗಳ ಹಗಲಿನಲ್ಲಿ. ಶನಿವಾರ ಮದುವೆ, ಭಾನುವಾರ ಆರಾಧನೆ. ಉಳಿದ ತಿಂಗಳುಗಳಲ್ಲಿ ಆಯಾ ಚರ್ಚು ಸಭೆಯ ಕಚೇರಿಗೆ ಮೊದಲೇ ಬರೆದು ಕೇಳಬೇಕು. ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಮಧ್ಯಬೇಸಿಗೆಯ ಹಬ್ಬದ ಮುನ್ನಾದಿನ. ಆ ವಾರಾಂತ್ಯ ಅಂಗಡಿ ಮುಚ್ಚಿರುತ್ತವೆ, ಹಡಗು ತುಂಬಿರುತ್ತವೆ. ಆ ಮೂರು ದಿನ ತಪ್ಪಿಸಿ. ಚೀಲದಲ್ಲಿ ಒಂದು ಸಣ್ಣ ದುರ್ಬೀನು ಇರಲಿ. ಚಾವಣಿಯ ಚಿತ್ರ ನೋಡಲು ಅದು ಕ್ಯಾಮೆರಾಕ್ಕಿಂತ ಹೆಚ್ಚು ಉಪಯೋಗ.

ಮೊದಲ ದಿನ: ಎಕೆರೋ, ಹಮ್ಮರ್‌ಲಂಡ್

ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ನೂರು ಕಿ.ಮೀ. ಆಸುಪಾಸಿನಲ್ಲಿರುವ ಗ್ರಿಸ್ಲೆಹಾಮ್ನ್ ಬಂದರಿನಿಂದ ಎಕೆರೋಗೆ ಹಡಗಿನಲ್ಲಿ ಎರಡು ಗಂಟೆ. ಸ್ಟಾಕ್‌ಹೋಮ್ ಅಥವಾ ಫಿನ್‌ಲಂಡಿನ ಟುರ್ಕುವಿನಿಂದ ನೇರ ರಾಜಧಾನಿ ಮರಿಯೆಹಾಮ್ನ್‌ಗೂ ಬರಬಹುದು. ಆದರೆ ಈ ದ್ವೀಪಗಳಿಗೆ ಹಳೆಯ ದಾರಿ ಎಕೆರೋದ್ದೇ. 1638ರಿಂದ ಸ್ಟಾಕ್‌ಹೋಮ್ ಮತ್ತು ಟುರ್ಕು ನಡುವಿನ ಅಂಚೆಯನ್ನು ಇಲ್ಲಿನ ರೈತರು ತೆರೆದ ದೋಣಿಯಲ್ಲಿ ಹುಟ್ಟು ಹಾಕಿ ದಾಟಿಸುತ್ತಿದ್ದರು. ಬಂದರಿನ ಬಳಿ ಕಾಣುವ ಊರಿಗೆ ಮೀರಿದ ಕಟ್ಟಡ 1828ರ ಅಂಚೆ ಮತ್ತು ಸುಂಕದ ಮನೆ, ಹೆಲ್ಸಿಂಕಿಯ ನಡುಭಾಗವನ್ನು ರೂಪಿಸಿದ ಕಾರ್ಲ್ ಲುಡ್ವಿಗ್ ಎಂಗೆಲ್ ಕೈಯದು. ರಷ್ಯಾದ ಸಾಮ್ರಾಜ್ಯದ ಪಶ್ಚಿಮದ ಬಾಗಿಲು ಎಂದು ಅಷ್ಟು ದೊಡ್ಡದಾಗಿ ಕಟ್ಟಿದ್ದು.

ಎಕೆರೋದ ಸಂತ ಲಾರೆನ್ಸ್ ಚರ್ಚು ಚಿಕ್ಕದು, ಅದಕ್ಕೇ ಮೊದಲ ಪಾಠಕ್ಕೆ ಒಳ್ಳೆಯದು. ಒಮ್ಮೆ ಸುತ್ತಲೂ ನಡೆದು ಅಂಗಾಂಗ ಗುರುತಿಸಿಕೊಳ್ಳಿ. ಪೂರ್ವಕ್ಕೆ ಬಲಿಪೀಠ. ಪಶ್ಚಿಮಕ್ಕೆ ಜನ ಕೂರುವ ಉದ್ದನೆಯ ಅಂಕಣ, ಓಲಂಡಿನಲ್ಲಿ ಸಾಮಾನ್ಯವಾಗಿ ಅದರ ತುದಿಗೆ ಗೋಪುರ. ಉತ್ತರದ ಗೋಡೆಗೆ ಅಂಟಿಕೊಂಡು ಪಾದ್ರಿಗಳ ಉಡುಪು, ಪಾತ್ರೆ ಇಡುವ ಕೋಣೆ. ದಕ್ಷಿಣಕ್ಕೆ ಬಾಗಿಲು, ಅದರ ಮುಂದೆ ಒಂದು ಪಡಸಾಲೆ. ಸ್ವೀಡಿಷ್‌ನಲ್ಲಿ ಈ ಪಡಸಾಲೆಗೆ ವಾಪೆನ್‌ಹ್ಯೂಸ್, ಅಂದರೆ ಆಯುಧದ ಮನೆ ಎನ್ನುತ್ತಾರೆ. ಒಳಗೆ ಹೋಗುವ ಮುನ್ನ ಕತ್ತಿ ಕೊಡಲಿ ಇಲ್ಲಿ ಬಿಡಬೇಕಿತ್ತು ಎಂಬುದು ಜನ ಹೇಳುವ ವಿವರಣೆ. ಉತ್ತರದ ಗೋಡೆಯಲ್ಲಿ ಕಿಟಕಿ ಇಲ್ಲದಿರುವುದು, ಅಥವಾ ಕಡಿಮೆ ಇರುವುದು ಹಳೆಯ ಪದ್ಧತಿ. ದೊಡ್ಡ ಕಿಟಕಿ ಕಂಡಲ್ಲೆಲ್ಲ 18 ಅಥವಾ 19ನೇ ಶತಮಾನದವರು ಬೆಳಕಿಗಾಗಿ ಗೋಡೆ ಒಡೆದಿದ್ದಾರೆ ಎಂದು ಊಹಿಸಿದರೆ ಹೆಚ್ಚಾಗಿ ಸರಿಯಾಗುತ್ತದೆ.

ಮಧ್ಯಾಹ್ನ ಹಮ್ಮರ್‌ಲಂಡ್. ಎಕೆರೋದಿಂದ ಮರಿಯೆಹಾಮ್ನ್‌ಗೆ ಹೋಗುವ 1ನೇ ನಂಬರಿನ ಬಸ್ಸು ಈ ದಾರಿಯಲ್ಲೇ ಹೋಗುತ್ತದೆ. ಸಂತ ಕ್ಯಾಥರೀನಳ ಈ ಚರ್ಚಿನಲ್ಲಿ ಗೋಪುರ ಪಶ್ಚಿಮದ ತುದಿಯಲ್ಲಿಲ್ಲ, ದಕ್ಷಿಣದ ಮಗ್ಗುಲಿಗೆ ನಿಂತಿದೆ. ಗೋಡೆ ಮತ್ತು ಗೋಪುರ ಕೂಡುವ ಮೂಲೆಯನ್ನು ಕಣ್ಣಿಟ್ಟು ನೋಡಿ. ಒಂದೇ ಕಾಲದ ಗೋಡೆಗಳಾದರೆ ಕಲ್ಲುಗಳು ಬೆರಳಿಗೆ ಬೆರಳು ಸೇರಿಸಿದಂತೆ ಒಂದರೊಳಗೊಂದು ಕಚ್ಚಿಕೊಂಡಿರುತ್ತವೆ. ಆಮೇಲೆ ಸೇರಿಸಿದ್ದಾದರೆ ನೇರವಾದ ಒಂದು ಗೀರು, ಎರಡೂ ಬದಿ ಬೇರೆ ಬೇರೆ ಬಣ್ಣದ ಗಾರೆ. ಸುಣ್ಣ ಬಳಿದ ಕಡೆ ಇದು ಮುಚ್ಚಿಹೋಗಿರುತ್ತದೆ, ಸೂರಿನ ಕೆಳಗೆ ನೋಡಿದರೆ ಸಿಗಬಹುದು.

ರಾತ್ರಿಗೆ ಮರಿಯೆಹಾಮ್ನ್. ಮುಂದಿನ ಮೂರು ರಾತ್ರಿಯೂ ಅಲ್ಲೇ ತಂಗುವುದು ಸುಲಭ. ಬಸ್ಸುಗಳೆಲ್ಲ ಅಲ್ಲಿಂದಲೇ ಕವಲೊಡೆಯುತ್ತವೆ: 1 ಎಕೆರೋಗೆ, 2 ಫಿನ್‌ಸ್ಟ್ರೋಮ್ ಮತ್ತು ಯೇಟಾ ಕಡೆಗೆ, 3 ಸಾಲ್ಟ್‌ವೀಕ್‌ಗೆ, 4 ಸುಂಡ್ ಮತ್ತು ವೋರ್ಡೋಗೆ, 5 ಲೆಮ್‌ಲಂಡ್ ಮತ್ತು ಲೋಂಗ್‌ನೆಸ್‌ಗೆ. ಬಸ್ಸು ದಿನಕ್ಕೆ ಕೆಲವೇ, ಭಾನುವಾರ ಇನ್ನೂ ಕಡಿಮೆ. ಸೈಕಲ್ ಬಾಡಿಗೆಗೆ ಸಿಗುತ್ತದೆ. ದೊಡ್ಡ ಏರುಗಳಿಲ್ಲದ ನೆಲ, ಗಾಳಿಯೊಂದೇ ತೊಂದರೆ.

ಎರಡನೇ ದಿನ: ಯೊಮಲಾ, ಲೆಮ್‌ಲಂಡ್

ಮರಿಯೆಹಾಮ್ನ್‌ನಿಂದ ಉತ್ತರಕ್ಕೆ ಏಳೆಂಟು ಕಿ.ಮೀ. ಹೋದರೆ ಯೊಮಲಾ. ಸಂತ ಓಲಾಫನ ಹೆಸರಿನ ಈ ಚರ್ಚು 13ನೇ ಶತಮಾನದ ಕೊನೆಭಾಗದ್ದು. ಇಡೀ ಫಿನ್‌ಲಂಡಿನಲ್ಲಿ ಉಳಿದಿರುವ ಅತಿ ಹಳೆಯ ಚರ್ಚು ಕಟ್ಟಡ ಇದೇ ಎಂದು ಎಣಿಸುತ್ತಾರೆ. ಗೋಡೆ ಇಲ್ಲಿನ ಕೆಂಪು ಗ್ರಾನೈಟಿನದು. ರಪಕಿವಿ ಎಂದು ಇದರ ಹೆಸರು, ಫಿನ್ನಿಷ್‌ನಲ್ಲಿ ಪುಡಿಯಾಗುವ ಕಲ್ಲು ಎಂದರ್ಥ. ದೊಡ್ಡ ದುಂಡು ಹರಳುಗಳಿರುವುದರಿಂದ ಬಿಸಿಲು ಮಳೆಗೆ ಮೇಲ್ಮೈ ಉದುರುತ್ತದೆ. 19ನೇ ಶತಮಾನದಲ್ಲಿ ಜನ ಹೆಚ್ಚಿದಾಗ ಪೂರ್ವದ ಭಾಗವನ್ನು ಅಡ್ಡಕ್ಕೆ ಹಿಗ್ಗಿಸಿದರು. ಆದ್ದರಿಂದ ಹಳೆಯದನ್ನು ಹುಡುಕುವವರು ಪಶ್ಚಿಮದ ಅರ್ಧದಲ್ಲಿ ಮತ್ತು ಗೋಪುರದಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ಒಳಗೆ 13ನೇ ಶತಮಾನದ ಗೋಡೆಚಿತ್ರಗಳ ಭಾಗಗಳು ಉಳಿದಿವೆ. ಬಣ್ಣ ಮಾಸಿದೆ. ಒಳಗೆ ಹೋದ ತಕ್ಷಣ ಏನೂ ಕಾಣಿಸುವುದಿಲ್ಲ, ಹತ್ತು ನಿಮಿಷ ಕೂತರೆ ರೇಖೆಗಳು ಒಂದೊಂದಾಗಿ ಮೇಲೆ ಬರುತ್ತವೆ.

ಈ ಚರ್ಚುಗಳ ವಯಸ್ಸಿನ ಬಗ್ಗೆ ಒಂದು ಕಾಲಕ್ಕೆ ದೊಡ್ಡ ಜಗಳವಿತ್ತು. ಓಲಂಡಿನ ಪುರಾತತ್ವದ ಹೊಣೆ ಹೊತ್ತಿದ್ದ ಮಾಟ್ಸ್ ಡ್ರೇಯರ್, ಇವು ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಹಳೆಯವು ಎಂದು ವಾದಿಸಿದರು. ಕಾಗದವಿಲ್ಲದ ಕಡೆ ವಾದಕ್ಕೆ ಕೊನೆಯಿಲ್ಲ. 1990ರ ದಶಕದಿಂದ ಟುರ್ಕುವಿನ ಓಬೋ ಅಕಾಡೆಮಿಯ ಕಲಾ ಇತಿಹಾಸಕಾರ್ತಿ ಓಸಾ ರಿಂಗ್‌ಬೋಮ್ ಅವರ ತಂಡ ಹಿಡಿದ ದಾರಿ ಬೇರೆ. ಅವರು ಗೋಡೆಯ ಗಾರೆಯನ್ನೇ ಕಾರ್ಬನ್-14 (ತಾನಾಗಿ ನಿಧಾನಕ್ಕೆ ಕರಗುವ ಒಂದು ಬಗೆಯ ಇಂಗಾಲ) ಪರೀಕ್ಷೆಗೆ ಒಡ್ಡಿದರು.

ಇದರ ಹಿಂದಿನ ತತ್ವ ಸುಣ್ಣದ ಗೂಡು ಕಂಡವರಿಗೆ ಬೇಗ ತಿಳಿಯುತ್ತದೆ. ಸುಣ್ಣಕಲ್ಲನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಕಲ್ಲುಗಳ ನಡುವೆ ಇಟ್ಟರೆ, ಅದು ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು. ಹೀಗೆ ಕಟ್ಟಿದ ವರ್ಷದ ಗಾಳಿಯೇ ಗಾರೆಯೊಳಗೆ ಸೆರೆಯಾಗುತ್ತದೆ. ಆ ಗಾಳಿಯಲ್ಲಿದ್ದ ಕಾರ್ಬನ್-14 ಅಂದಿನಿಂದ ಗೊತ್ತಾದ ವೇಗದಲ್ಲಿ ಕರಗುತ್ತಾ ಬಂದಿದೆ, 5,730 ವರ್ಷಕ್ಕೆ ಅರ್ಧದಂತೆ. ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ಸಿಗಬೇಕು.

ಕೆಡುವುದು ಹಲವು ಕಡೆ. ಗೂಡಿನಲ್ಲಿ ಅರೆಬೆಂದ ಸುಣ್ಣಕಲ್ಲಿನ ಚೂರು ಗಾರೆಗೆ ಸೇರಿದ್ದರೆ, ಅದರಲ್ಲಿ ಕೋಟಿಗಟ್ಟಲೆ ವರ್ಷ ಹಳೆಯ, ಕಾರ್ಬನ್-14 ಪೂರ್ತಿ ಕರಗಿಹೋದ ಇಂಗಾಲವಿರುತ್ತದೆ. ಲೆಕ್ಕ ಹಳೆಯದರ ಕಡೆ ಜಾರುತ್ತದೆ. ಮರಳಿನಲ್ಲಿ ಸುಣ್ಣಕಲ್ಲಿನ ಕಾಳಿದ್ದರೂ ಅದೇ ಕಥೆ, ಅದೂ ಹಿಮನದಿಗಳು ಸುಣ್ಣಕಲ್ಲಿನ ಗುಂಡುಗಳನ್ನು ಹೊತ್ತು ತಂದು ಸುರಿದ ಈ ನೆಲದಲ್ಲಿ. ಇನ್ನೊಂದು ಕಡೆ, ದಪ್ಪ ಗೋಡೆಯ ಒಡಲಿಗೆ ಗಾಳಿ ತಲುಪುವುದು ನಿಧಾನ, ಅಲ್ಲಿನ ಗಾರೆ ಗಟ್ಟಿಯಾಗಲು ಬಹುಕಾಲ ಹಿಡಿಯುತ್ತದೆ. ಮಳೆನೀರು ಸುಣ್ಣವನ್ನು ಕರಗಿಸಿ ಮತ್ತೆ ಕಟ್ಟಿಸಿದರೂ, ಬೆಂಕಿ ಬಿದ್ದು ಗಾರೆ ಮರಳಿ ಸುಟ್ಟರೂ ಲೆಕ್ಕ ಹೊಸದರ ಕಡೆ ಜಾರುತ್ತದೆ. ಪರಿಹಾರ ಹೀಗೆ: ಗಾರೆಯನ್ನು ಮೆತ್ತಗೆ ಪುಡಿಮಾಡಿ ಜರಡಿ ಹಿಡಿದು, ನುಣುಪಾದ ಭಾಗವನ್ನು ಆರಿಸಿ ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ರಂಧ್ರ ಹೆಚ್ಚಿರುವ ಗಾರೆಯ ಸುಣ್ಣ ಬೇಗ ಕರಗುತ್ತದೆ, ಒತ್ತಾದ ಸುಣ್ಣಕಲ್ಲು ತಡವಾಗಿ. ಆದ್ದರಿಂದ ಹೊರಬರುವ ಅನಿಲವನ್ನು ಕಂತುಕಂತಾಗಿ ಹಿಡಿದು ಪ್ರತಿ ಕಂತನ್ನೂ ಬೇರೆಯಾಗಿ ಅಳೆಯುತ್ತಾರೆ. ಮೊದಲ ಕಂತುಗಳು ಒಂದೇ ಕಾಲ ಹೇಳಿದರೆ ನಂಬಬಹುದು. ಪ್ರತಿ ಕಂತಿಗೂ ವಯಸ್ಸು ಏರುತ್ತಾ ಹೋದರೆ ಸುಣ್ಣಕಲ್ಲು ಬೆರೆತಿದೆ. ಎಲ್ಲಿ ಹಳೆಯ ಮರ ಉಳಿದಿದೆಯೋ ಅಲ್ಲಿ ಮರದ ವಾರ್ಷಿಕ ಬಳೆಗಳ ಎಣಿಕೆಯ ಜೊತೆ ತಾಳೆ ನೋಡುತ್ತಾರೆ. ಈ ಕೆಲಸದಿಂದ ಓಲಂಡಿನ ಕಲ್ಲಿನ ಚರ್ಚುಗಳ ಆರಂಭ 13ನೇ ಶತಮಾನಕ್ಕೆ ನಿಂತಿತು, ಡ್ರೇಯರ್ ವಾದ ಬಿದ್ದಿತು. ಇಲ್ಲಿ ಪಳಗಿದ ವಿಧಾನವನ್ನು ಆಮೇಲೆ ರೋಮ್ ಕಾಲದ ಕಟ್ಟಡಗಳಿಗೂ ಕೊಂಡೊಯ್ದರು. ಇಷ್ಟು ತಿಳಿದು ಮತ್ತೆ ಯೊಮಲಾದ ಗೋಡೆಯ ಮುಂದೆ ನಿಂತರೆ ಕಲ್ಲಿಗಿಂತ ಕಲ್ಲಿನ ನಡುವಿನ ಬಿಳಿ ಗೆರೆಯ ಮೇಲೆ ಕಣ್ಣು ಹೋಗುತ್ತದೆ. ಬೆರಳಿನಿಂದ ಕೆದಕಬೇಡಿ, ಉದುರಿದ ಚೂರನ್ನೂ ಎತ್ತಿಕೊಳ್ಳಬೇಡಿ.

ಮಧ್ಯಾಹ್ನ ಲೆಮ್‌ಲಂಡ್, ಸಂತ ಬಿರ್ಗಿಟ್ಟಾ ಚರ್ಚು. ಇದರ ಗೋಡೆಚಿತ್ರಗಳು 14ನೇ ಶತಮಾನದ ಮೊದಲ ಭಾಗದವು, ಸುಣ್ಣದ ಪದರದಡಿ ಮುಚ್ಚಿಹೋಗಿದ್ದು 20ನೇ ಶತಮಾನದಲ್ಲಿ ಹೊರಬಂದವು. ನಾವಿಕರ ಪಾಲಕನಾದ ಸಂತ ನಿಕೋಲಾಸನ ಕಥೆ ಇಲ್ಲಿದೆ. ಅದು ಯಾಕೆ ಇಲ್ಲಿ ಎಂಬುದಕ್ಕೆ ಉತ್ತರ ಅದೇ ಊರಿನ ಲೆಮ್‌ಬೋಟೆ ಪ್ರಾರ್ಥನಾ ಮಂದಿರದ ಬಳಿ ಸಿಗುತ್ತದೆ. ಡೆನ್ಮಾರ್ಕಿನಿಂದ ಇಂದಿನ ಟ್ಯಾಲಿನ್ ಕಡೆಗೆ ಹೋಗುವ ಜಲಮಾರ್ಗವನ್ನು ವಿವರಿಸುವ 13ನೇ ಶತಮಾನದ ಒಂದು ಬರಹ ಡೆನ್ಮಾರ್ಕಿನ ದೊರೆ ವಾಲ್ಡೆಮಾರನ ದಾಖಲೆಗಳ ನಡುವೆ ಉಳಿದಿದೆ; ಅದರಲ್ಲಿ ಈ ಜಾಗದ ಹೆಸರು ಬರುತ್ತದೆ. ಹಡಗುಗಳು ಗಾಳಿಗಾಗಿ ಕಾಯುತ್ತಿದ್ದ ತಂಗುದಾಣ. ಇಂದು ನೀರು ದೂರ ಸರಿದಂತೆ ಕಂಡರೆ ಕಾರಣ ನೆಲದ ಏರಿಕೆ: ಹಿಮಯುಗದ ಭಾರ ಇಳಿದ ಮೇಲೆ ಓಲಂಡ್ ವರ್ಷಕ್ಕೆ 5 ಮಿ.ಮೀ. ಆಸುಪಾಸಿನಲ್ಲಿ ಮೇಲೇಳುತ್ತಲೇ ಇದೆ. ಏಳೆಂಟು ನೂರು ವರ್ಷಕ್ಕೆ ನಾಲ್ಕು ಮೀಟರಿನ ಹತ್ತಿರ. ಚರ್ಚುಗಳ ನೆಲೆಯನ್ನು ಅರ್ಥಮಾಡಿಕೊಳ್ಳಲು ನಕ್ಷೆಯಲ್ಲಿ ಸಮುದ್ರವನ್ನು ಅಷ್ಟು ಮೇಲಕ್ಕೆ ಎಳೆದು ನೋಡಬೇಕು. ಗದ್ದೆಯಾದ ಎಷ್ಟೋ ತಗ್ಗು ಅಂದು ದೋಣಿಯ ದಾರಿ.

ಸಮಯ ಉಳಿದರೆ ಮುಂದಿನ ಲುಂಪಾರ್‌ಲಂಡಿನಲ್ಲಿ 1720ರ ದಶಕದ ಮರದ ಚರ್ಚು ನೋಡಬಹುದು. 1714ರಿಂದ 1721ರವರೆಗೆ ರಷ್ಯಾದ ದಾಳಿಗೆ ಹೆದರಿ ಓಲಂಡಿನ ಜನ ಸ್ವೀಡನ್ನಿಗೆ ಓಡಿಹೋಗಿದ್ದರು. ಆ ಕಾಲದ ಬೆನ್ನಿಗೇ ಎದ್ದ ಕಟ್ಟಡ ಇದು.

ಮೂರನೇ ದಿನ: ಫಿನ್‌ಸ್ಟ್ರೋಮ್, ಸಾಲ್ಟ್‌ವೀಕ್

ಒಂದೇ ಚರ್ಚು ನೋಡಲು ಸಮಯವಿದೆ ಎನ್ನುವವರಿಗೆ ಹೇಳಬೇಕಾದ ಹೆಸರು ಫಿನ್‌ಸ್ಟ್ರೋಮ್‌ನ ಸಂತ ಮಿಕೇಲನದು. ಮರಿಯೆಹಾಮ್ನ್‌ನಿಂದ ಗೋಡ್‌ಬ್ಯೂ ದಾಟಿ ಇಪ್ಪತ್ತೈದು ಕಿ.ಮೀ. ಆಸುಪಾಸು. ದೂರದಿಂದಲೇ ಗುರುತು ಹತ್ತುತ್ತದೆ: ಎತ್ತರದ ಚೂಪು ಶಿಖರ, ಅದರ ಬುಡದ ನಾಲ್ಕು ಮೂಲೆಗೆ ನಾಲ್ಕು ಮರಿ ಶಿಖರ. ಒಳಗೆ 15ನೇ ಶತಮಾನದ ಚಿತ್ರಗಳು ಗೋಡೆ ಕಮಾನುಗಳ ತುಂಬ. ಸಂತರ ಮರದ ಮೂರ್ತಿಗಳೂ ಉಳಿದುಕೊಂಡಿವೆ. ಸಂತರ ಪೂಜೆಯನ್ನು ಕೈಬಿಟ್ಟ ಲೂಥರನ ಸುಧಾರಣೆ ಬಂದ ಮೇಲೂ ಅವನ್ನು ಯಾರೂ ಒಲೆಗೆ ಹಾಕಲಿಲ್ಲ ಎಂಬುದು ಇಲ್ಲಿನ ಊರವರ ದೊಡ್ಡ ಉಪಕಾರ.

ಈ ಚಿತ್ರಗಳ ತಂತ್ರ ಗೊತ್ತಿದ್ದರೆ ಅವುಗಳ ಸ್ಥಿತಿ ಅರ್ಥವಾಗುತ್ತದೆ. ಇಟಲಿಯಲ್ಲಿ ಹಸಿ ಗಾರೆಯ ಮೇಲೆ ಬರೆದು ಬಣ್ಣ ಗೋಡೆಯೊಳಕ್ಕೆ ಇಳಿಯುವಂತೆ ಮಾಡಿದರೆ, ಇಲ್ಲಿ ಹೆಚ್ಚಾಗಿ ಒಣಗಿದ ಸುಣ್ಣದ ಮೇಲೆ ಬರೆದರು. ಬಣ್ಣ ಮೇಲ್ಪದರದಲ್ಲೇ ನಿಲ್ಲುತ್ತದೆ, ತೇವಕ್ಕೆ ಹಕ್ಕಳೆಯಾಗಿ ಏಳುತ್ತದೆ. ಮುಂದಿನ ಶತಮಾನಗಳವರು ಬಳಿದ ಸುಣ್ಣ ಒಂದು ರೀತಿಯಲ್ಲಿ ಚಿತ್ರವನ್ನು ಕಾಪಾಡಿತು, ಆದರೆ ಅದನ್ನು ಕೆರೆದು ತೆಗೆಯುವಾಗ ಬಣ್ಣವೂ ಅದರ ಜೊತೆ ಬರುತ್ತದೆ. ಹೊರಗೆರೆ ಮಾತ್ರ ಉಳಿದು ಮುಖದ ಛಾಯೆ ಹೋಗಿರುವುದು ಅದಕ್ಕೇ. ಹಸಿರು, ನೀಲಿ ಬೇಗ ಹೋಗುತ್ತವೆ. ಕೆಮ್ಮಣ್ಣು ಮತ್ತು ಕಪ್ಪು ನಿಲ್ಲುತ್ತವೆ.

ಸಾಲ್ಟ್‌ವೀಕ್‌ನ ಸಂತ ಮರಿಯ ಚರ್ಚಿಗೆ ಮಧ್ಯಾಹ್ನದ ಬೆಳಕು ಒಳ್ಳೆಯದು, ಕೆಂಪು ಕಲ್ಲು ಆಗ ಕೆಂಡದಂತೆ ಕಾಣುತ್ತದೆ. ಸುತ್ತಲ ನೆಲದಲ್ಲಿ ಕ್ರೈಸ್ತಪೂರ್ವದ ಸಮಾಧಿ ದಿಬ್ಬಗಳು ಹೇರಳ. ಓಲಂಡಿನ ಆ ಕಾಲದ ಕೆಲವು ಸಮಾಧಿಗಳಲ್ಲಿ ಸುಟ್ಟ ಬೂದಿಯ ಮೇಲೆ ಮಣ್ಣಿನಿಂದ ಮಾಡಿದ ಪ್ರಾಣಿಯ ಪಂಜ ಇಟ್ಟಿರುತ್ತಾರೆ. ಇಂಥ ಪಂಜ ಓಲಂಡ್ ಬಿಟ್ಟರೆ ಸಿಕ್ಕಿರುವುದು ರಷ್ಯಾದಲ್ಲಿ, ವೋಲ್ಗಾ ನದಿಯ ಮೇಲ್ದಂಡೆಯ ಕಡೆ. ಚರ್ಚು ಎದ್ದದ್ದು ಖಾಲಿ ಜಾಗದಲ್ಲಲ್ಲ ಎನ್ನಲು ಇಷ್ಟು ಸಾಕು. ಪಂಜಗಳನ್ನು ಸಂಜೆ ಮರಳಿದ ಮೇಲೆ ಮರಿಯೆಹಾಮ್ನ್‌ನ ಓಲಂಡ್ ವಸ್ತುಸಂಗ್ರಹಾಲಯದಲ್ಲಿ ನೋಡಿ.

ನಾಲ್ಕನೇ ದಿನ: ಸುಂಡ್

ಸುಂಡ್‌ನ ಸ್ನಾನಿಕ ಯೋಹಾನನ ಚರ್ಚು ಓಲಂಡಿನಲ್ಲೇ ದೊಡ್ಡದು. ಒಳಗಿನ ಎತ್ತರದ ಶಿಲುಬೆಯನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಬಹಳ ಚಿಕ್ಕದಾದ, ಅಕ್ಷರ ಕೊರೆದ ಕಲ್ಲಿನ ಶಿಲುಬೆಯೊಂದಿದೆ, ಅದನ್ನು ಕೇಳಿ ನೋಡಿ. ಅದರ ಮೇಲಿನ ಅಕ್ಷರಗಳನ್ನು 'ವೆನ್ನಿ ಇ' ಎಂದು ಓದುತ್ತಾರೆ. ಡ್ರೇಯರ್ ಇದರಿಂದ ಒಂದು ದೊಡ್ಡ ಸೌಧವನ್ನೇ ಕಟ್ಟಿದರು: ಇದು 936ರಲ್ಲಿ ಬಿರ್ಕಾ ಪಟ್ಟಣದಲ್ಲಿ ತೀರಿಕೊಂಡ ಹಾಂಬುರ್ಗ್-ಬ್ರೆಮೆನ್‌ನ ಆರ್ಚ್‌ಬಿಷಪ್ ಉನ್ನಿಯ ಸಮಾಧಿಯ ಗುರುತು, ಹಾಗಾದರೆ ಬಿರ್ಕಾ ಇದ್ದದ್ದು ಸ್ವೀಡನ್ನಿನಲ್ಲಲ್ಲ, ಇಲ್ಲೇ. ವಿದ್ವಾಂಸರು ಇದನ್ನು ಒಪ್ಪಿಲ್ಲ. ಬಿರ್ಕಾ ಸ್ಟಾಕ್‌ಹೋಮ್ ಬಳಿಯ ಮೇಲಾರೆನ್ ಸರೋವರದ ದ್ವೀಪದಲ್ಲಿ ಅಗೆದು ಕಂಡ ಊರು. ಆದರೂ ಒಂದು ಕಲ್ಲಿನ ಐದಾರು ಅಕ್ಷರ ಎಷ್ಟು ದೂರ ಕರೆದೊಯ್ಯಬಲ್ಲದು ಎಂದು ತಿಳಿಯಲು ಆ ಕಲ್ಲಿನ ಮುಂದೆ ನಿಲ್ಲಬೇಕು.

ಹತ್ತಿರದಲ್ಲೇ ಕಾಸ್ಟೆಲ್‌ಹೋಲ್ಮ್ ಕೋಟೆ. ದಾಖಲೆಯಲ್ಲಿ ಅದರ ಹೆಸರು ಮೊದಲು ಬರುವುದು 1388ರಲ್ಲಿ. 1665ರಿಂದ 1668ರವರೆಗೆ ಮಾಟಗಾತಿಯರೆಂದು ಹೆಂಗಸರನ್ನು ವಿಚಾರಣೆ ಮಾಡಿ ಕೊಂದ ಜಾಗವೂ ಇದೇ ಪರಿಸರ. ಮುಂದೆ ಬೊಮಾರ್‌ಸುಂಡ್: 1832ರಿಂದ ರಷ್ಯಾ ಕಟ್ಟತೊಡಗಿ ಮುಗಿಸಲಾಗದ ಕೋಟೆ, 1854ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆ ಒಡೆದುಹಾಕಿತು. ಓಲಂಡಿನಲ್ಲಿ ಸೇನೆ ಇರಕೂಡದು ಎಂಬ ನಿಯಮ 1856ರ ಒಪ್ಪಂದದಿಂದ ಬಂದದ್ದು. ಸೇತುವೆ ದಾಟಿ ಪ್ರೆಸ್ಟೋ ದ್ವೀಪಕ್ಕೆ ಹೋದರೆ ಕಾಡಿನ ನಡುವೆ ಕೋಟೆಯ ಸೈನಿಕರ ಸ್ಮಶಾನಗಳಿವೆ: ಆರ್ಥೊಡಾಕ್ಸ್ ಕ್ರೈಸ್ತರದು, ಯಹೂದಿಗಳದು, ಮುಸ್ಲಿಮರದು, ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ಈ ಪ್ರವಾಸದಲ್ಲಿ ಚರ್ಚಲ್ಲದ ಜಾಗವೊಂದಕ್ಕೆ ಒಂದು ಗಂಟೆ ಕೊಡುವುದಾದರೆ ಇಲ್ಲಿಗೆ ಕೊಡಿ.

ಐದನೇ ದಿನ: ಕುಮ್ಲಿಂಗೆ

ಬೆಳಗ್ಗೆ 4ನೇ ಬಸ್ಸು ಅಥವಾ ಕಾರು. ಪ್ರೆಸ್ಟೋದಿಂದ ವೋರ್ಡೋ ಕಡೆಗೆ ಹಗ್ಗದ ಫೆರಿ, ನೀರಡಿಯ ಉಕ್ಕಿನ ಹಗ್ಗ ಹಿಡಿದು ಕೆಲವೇ ನಿಮಿಷದಲ್ಲಿ ದಾಟಿಸುತ್ತದೆ, ಹಣವಿಲ್ಲ. ವೋರ್ಡೋದ್ದು ಸಂತ ಮತ್ತೀಯನ ಚರ್ಚು, ಸಂತ ಮತ್ತಾಯನದು ಎಂದು ಕೆಲವರು ತಪ್ಪಾಗಿ ಓದುತ್ತಾರೆ. ನೋಡಿಕೊಂಡು ಹುಮ್ಮೆಲ್‌ವೀಕ್ ಕಟ್ಟೆಗೆ. ಅಲ್ಲಿಂದ ಕುಮ್ಲಿಂಗೆಗೆ ಹಡಗಿನಲ್ಲಿ ಒಂದೂವರೆ ಗಂಟೆಯ ಆಸುಪಾಸು, ನಡುವೆ ಎಂಕ್ಲಿಂಗೆ. ಕಾರಿಗೆ ಮುಂಗಡ ಕಾಯ್ದಿರಿಸಬೇಕು, ಜುಲೈಯಲ್ಲಿ ಜಾಗ ಸಿಗದೆ ಉಳಿದುಬಿಡುವ ಕಾರುಗಳಿರುತ್ತವೆ. ಗಮನಿಸಿ: ಕುಮ್ಲಿಂಗೆಗೆ ಎರಡು ಕಟ್ಟೆಗಳಿವೆ. ಹುಮ್ಮೆಲ್‌ವೀಕ್‌ನ ಹಡಗು ಬರುವುದು ಉತ್ತರಕ್ಕೆ, ಲೋಂಗ್‌ನೆಸ್ ಕಡೆಯ ಹಡಗು ದಕ್ಷಿಣದ ಸ್ನೆಕೋಗೆ. ತಪ್ಪು ಕಟ್ಟೆಯಲ್ಲಿ ಕಾದರೆ ಆ ದಿನದ ಲೆಕ್ಕವೇ ತಪ್ಪುತ್ತದೆ.

ಸಂತ ಅನ್ನಾಳ ಚರ್ಚು ಹೊರಗಿನಿಂದ ಏನೂ ಅಲ್ಲ. ಗೋಪುರವಿಲ್ಲ, ಗಂಟೆಗೆ ಬೇರೆಯಾಗಿ ಮರದ ಮನೆ. ಬಾಗಿಲು ದಾಟಿದ ಮೇಲೆ ಗೋಡೆ, ಕಮಾನು, ಚಾವಣಿ ಎಲ್ಲವೂ ಚಿತ್ರ. 1500ರ ಆಸುಪಾಸಿನವು, ಬಳ್ಳಿ ಎಲೆಗಳ ನಡುವೆ ಸಂತರು, ಕ್ರಿಸ್ತನ ಕಥೆ. ಇಷ್ಟು ಚಿಕ್ಕ ದ್ವೀಪದಲ್ಲಿ ಇಂಥ ಕೆಲಸ ಹೇಗೆ ಎಂದು ಕೇಳುವವರಿಗೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರಭಾವವನ್ನು ತೋರಿಸುತ್ತಾರೆ. ಅವರ ಮಠ ದಕ್ಷಿಣದ ದ್ವೀಪವೊಂದರಲ್ಲಿತ್ತು, ನಾಳೆಯ ದಾರಿ ಅಲ್ಲಿಗೇ. ಒಳಗೆ ಬೆಳಕು ಕಡಿಮೆ. ಫ್ಲ್ಯಾಷ್ ಹಾಕಬೇಡಿ, ಒದ್ದೆ ಮಳೆಯಂಗಿಯನ್ನು ಹೊರಗೇ ಬಿಡಿ. ಒಣ ಸುಣ್ಣದ ಮೇಲಿನ ಬಣ್ಣಕ್ಕೆ ತೇವವೇ ಮೊದಲ ಶತ್ರು.

ಆರನೇ ದಿನ: ಚೋಕಾರ್

ಈ ದ್ವೀಪದ ಹೆಸರನ್ನು ಬರೆಯುವಾಗ ಮೊದಲಕ್ಷರ ಕೆ, ಓದುವಾಗ ಚ. ಚರ್ಚು ಎಂಬ ಸ್ವೀಡಿಷ್ ಪದಕ್ಕೂ ಇದೇ ನಿಯಮ: ಬರೆಯುವುದು ಕೆ, ಇಲ್ಲಿನವರ ಬಾಯಲ್ಲಿ ಚ್ಯುರ್ಕಾ. ದಾರಿ ಕೇಳುವಾಗ ಉಪಯೋಗಕ್ಕೆ ಬರುತ್ತದೆ.

ಸ್ನೆಕೋ ಕಟ್ಟೆಯಿಂದ ಓವೆರೋ ಅಥವಾ ಲೋಂಗ್‌ನೆಸ್ ಕಡೆ ಬರುವ ಹಡಗು ಹಿಡಿದು, ಅಲ್ಲಿ ಚೋಕಾರ್ ಹಡಗಿಗೆ ಬದಲಿಸಬೇಕು. ಲೋಂಗ್‌ನೆಸ್‌ನಿಂದ ಎರಡೂವರೆ ಗಂಟೆಯ ಸುತ್ತಮುತ್ತ. ದಿನಕ್ಕೆ ಹಡಗು ಬೆರಳೆಣಿಕೆ, ವಾರದ ದಿನಕ್ಕೂ ವಾರಾಂತ್ಯಕ್ಕೂ ವೇಳೆ ಬೇರೆ, ಆದ್ದರಿಂದ ಇಡೀ ಪ್ರವಾಸದ ತಾರೀಕುಗಳನ್ನು ಈ ಒಂದು ದಿನದಿಂದ ಹಿಂದಕ್ಕೆ ಎಣಿಸಿ ಹಾಕಿಕೊಳ್ಳುವುದು ಜಾಣತನ.

ಪೂರ್ವಕ್ಕೆ ಬಂದಂತೆ ಮರ ಕಡಿಮೆಯಾಗಿ ಬೋಳು ಬಂಡೆ ಹೆಚ್ಚುತ್ತದೆ. ಹಾಮ್ನೋ ಎಂಬ ತುದಿಯಲ್ಲಿ, ಸಮುದ್ರದ ಗಾಳಿಗೆ ಎದೆಯೊಡ್ಡಿ 1784ರ ಸಂತ ಅನ್ನಾಳ ಚರ್ಚು ನಿಂತಿದೆ. ಅದು ನಿಂತಿರುವುದು ಫ್ರಾನ್ಸಿಸ್ಕನ್ ಮಠದ ನೆಲದಲ್ಲಿ. 15ನೇ ಶತಮಾನದಲ್ಲಿ ಇಲ್ಲಿ ಸಂನ್ಯಾಸಿಗಳಿದ್ದರು. ಸುಧಾರಣೆ ಬಂದ ಮೇಲೆ ಮಠ ಮುಚ್ಚಿತು, ಕಲ್ಲು ಉಳಿಯಿತು. ಒಳಗೆ ಚಾವಣಿಯಿಂದ ಹಡಗಿನ ಪ್ರತಿಕೃತಿ ತೂಗುತ್ತದೆ, ಹರಕೆಯ ಹಡಗು. ಸಮುದ್ರದಿಂದ ಬದುಕಿ ಬಂದವರು ಒಪ್ಪಿಸುವ ವಾಡಿಕೆ ಬಾಲ್ಟಿಕ್ ದಡದ ಬಹಳ ಚರ್ಚುಗಳಲ್ಲಿದೆ.

ಚರ್ಚಿನ ಪಕ್ಕದಲ್ಲಿ ಮಠದ ನೆಲಮಾಳಿಗೆ ಉಳಿದಿದೆ, ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ಅಲ್ಲೇ ಇಟ್ಟಿದ್ದಾರೆ. ಬಾಗಿಲು ತಗ್ಗು, ತಲೆ ಬಾಗಿಸಿ. ಇಲ್ಲಿ ಸುಣ್ಣ ಬಳಿದ ಗೋಡೆಯಲ್ಲ, ಬರಿಯ ಕಲ್ಲು, ನಡುವೆ ಬಿಳಿ ಗಾರೆ. ಆರು ದಿನದಲ್ಲಿ ಕಣ್ಣು ಪಳಗಿದ್ದರೆ ಒರಟು ಮರಳು ಎಲ್ಲಿ, ನುಣುಪು ಎಲ್ಲಿ, ಯಾವ ಸಾಲು ದುರಸ್ತಿ, ಎಲ್ಲಿ ಬಟಾಣಿ ಗಾತ್ರದ ಸುಣ್ಣದ ಉಂಡೆ ಸರಿಯಾಗಿ ಬೆರೆಯದೆ ಹಾಗೇ ಉಳಿದಿದೆ ಎಂದು ಗುರುತಿಸಬಹುದು. ಅರಳಿದರೂ ಮರಳಿನೊಡನೆ ಕಲೆಯದ ಆ ಉಂಡೆಗಳನ್ನೇ ಪರೀಕ್ಷೆಗೆ ಆಸೆಯಿಂದ ಹುಡುಕುತ್ತಾರೆ. ಅವುಗಳಲ್ಲಿ ಮರಳಿನ ಕಲಬೆರಕೆ ಇರುವುದಿಲ್ಲ.

ಹಿಂದಿರುಗಲು ಲೋಂಗ್‌ನೆಸ್‌ಗೆ ಮರಳಬಹುದು, ಇಲ್ಲವೇ ಪೂರ್ವಕ್ಕೆ ಗಾಲ್ಟ್‌ಬ್ಯೂ ಬಂದರಿಗೆ ಹಡಗು ಹಿಡಿದು, ಕೋರ್ಪೋ, ನಾಗು, ಪರ್ಗಾಸ್ ದ್ವೀಪಗಳ ರಸ್ತೆ ಮತ್ತು ಫೆರಿಗಳಲ್ಲಿ ಟುರ್ಕು ಸೇರಬಹುದು. ಎರಡನೆಯದೇ ಒಳ್ಳೆಯ ದಾರಿ. ಮಧ್ಯಯುಗದಲ್ಲಿ ಓಲಂಡಿನ ಚರ್ಚುಗಳೆಲ್ಲ ಟುರ್ಕುವಿನ ಬಿಷಪ್ಪನ ಆಡಳಿತಕ್ಕೆ ಸೇರಿದ್ದವು, ಆ ಮುಖ್ಯ ದೇವಾಲಯ ಔರಾ ನದಿಯ ದಡದಲ್ಲಿ ಇಂದಿಗೂ ನಿಂತಿದೆ.